ತೋಟದ ಗೇಟು ತೆರೆಯಿರಿ: ಕೊಡಗಿನ ಕಾಫಿ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಕೊಡಗಿನ ಕಾಫಿ ಬೆಳೆಗಾರರಿಗೆ, ಬೆಳೆಗಾರರ ಸಂಘಗಳ ಪದಾಧಿಕಾರಿಗಳಿಗೆ, ತೋಟಗಳ ಮ್ಯಾನೇಜರ್ ಮತ್ತು ಹಾಜರಿ ಬರೆಯುವ ರೈಟರ್‌ಗಳಿಗೆ,

ಮಾನ್ಯರೇ,

ಇನ್ನು ಕೆಲವು ವಾರಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ. ಅದರ ಬೆನ್ನಿಗೇ ರೋಬಸ್ಟಾ. ಹಣ್ಣು ಕೆಂಪಾದ ಮೇಲೆ ನಿಮಗೆ ಪತ್ರ ಓದುವಷ್ಟು ಪುರುಸೊತ್ತು ಇರುವುದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ನಿಮ್ಮ ಲೈನ್‌ಮನೆಗಳಿಗೆ, ಅಂದರೆ ಕಾರ್ಮಿಕರು ಇರುವ ಸಾಲುಮನೆಗಳಿಗೆ, ನಮ್ಮನ್ನು ಹಗಲು ಹೊತ್ತಲ್ಲಿ ಬಿಡಿ. ಜ್ವರ ಬಂದವರ ರಕ್ತ ಪರೀಕ್ಷೆ ಮಾಡಲು ಬಿಡಿ. ಅದಕ್ಕೆ ಒಂದು ಗಂಟೆ ಕೊಟ್ಟ ಕಾರ್ಮಿಕರ ಹಾಜರಿ ಕಟ್ ಮಾಡಬೇಡಿ. ಇಷ್ಟಕ್ಕೆ ಇಷ್ಟುದ್ದದ ಪತ್ರ ಯಾಕೆ ಅಂತ ಕೇಳಬಹುದು. ಗೇಟಿನ ಹೊರಗೆ ನಿಂತು ಹೇಳಿದಾಗ ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಅದಕ್ಕೆ.

ನಾನು ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿ ವಿಜ್ಞಾನಿ. ಊರು ಸೋಮವಾರಪೇಟೆ ಕಡೆ. ನಮ್ಮ ಮನೆಯಲ್ಲೂ ಸ್ವಲ್ಪ ಕಾಫಿ ಇದೆ, ಒಂದಷ್ಟು ಮೆಣಸಿನ ಬಳ್ಳಿ ಇದೆ. ಕಣದಲ್ಲಿ ಹರವಿದ ಕಾಫಿ ಮೇಲೆ ಅಕಾಲದ ಮಳೆ ಬಿದ್ದಾಗ ಮನೆಮಂದಿಯೆಲ್ಲ ಟಾರ್ಪಾಲಿನ್ ಹಿಡಿದು ಓಡುವುದು ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮ ಕಷ್ಟ ಗೊತ್ತಿಲ್ಲದೆ ಪೇಟೆಯಿಂದ ಬಂದು ಬುದ್ಧಿ ಹೇಳುವವಳು ಇವಳು ಅಂದುಕೊಳ್ಳಬಾರದು ಅಂತ ಇದನ್ನು ಮೊದಲೇ ಹೇಳಿದೆ.

ನನ್ನ ಕೆಲಸ ಏನು ಅಂತ ಜನಕ್ಕೆ ಸರಿಯಾಗಿ ಗೊತ್ತಿಲ್ಲ. ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಕೆಲವರು ಜನಗಣತಿಯವರು ಅಂದುಕೊಳ್ಳುತ್ತಾರೆ. ಡಾಕ್ಟರು ತಮ್ಮ ಮುಂದೆ ಕೂತ ರೋಗಿಯನ್ನು ನೋಡುತ್ತಾರೆ. ನಾವು ಆಸ್ಪತ್ರೆಗೆ ಇನ್ನೂ ಬಾರದವರನ್ನು ಹುಡುಕುತ್ತೇವೆ. ಒಂದೇ ಲೈನಿನಲ್ಲಿ ಒಂದೇ ವಾರ ನಾಲ್ಕೈದು ಜನಕ್ಕೆ ಜ್ವರ ಯಾಕೆ ಬಂತು, ಅವರೆಲ್ಲ ಯಾವ ನೀರು ಕುಡಿದರು, ಯಾವ ಬ್ಲಾಕಿನಲ್ಲಿ ಕಳೆ ಹೊಡೆದರು, ಬರಿಗಾಲಲ್ಲಿ ಇದ್ದರಾ, ಇದೆಲ್ಲ ಕೇಳಿ ಬರೆದುಕೊಳ್ಳುತ್ತೇವೆ. ರಕ್ತ ತೆಗೆದು ಐಸ್ ಬಾಕ್ಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸುತ್ತೇವೆ. ಬಂದ ಉತ್ತರವನ್ನು ನಕ್ಷೆಯ ಮೇಲೆ ಗುರುತು ಹಾಕುತ್ತೇವೆ. ಬಿಳಿ ಕೋಟು ಹಾಕಿ ಸೂಕ್ಷ್ಮದರ್ಶಕದ ಮುಂದೆ ಕೂರುವುದು ಇದರಲ್ಲಿ ಕಡಿಮೆ. ಜಿಗಣೆ ಕಚ್ಚಿಸಿಕೊಂಡು ನಡೆಯುವುದೇ ಜಾಸ್ತಿ.

ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಆಚೆ ಒಂದು ದೊಡ್ಡ ತೋಟಕ್ಕೆ ಹೋಗಿದ್ದೆ. ಹೆಸರು ಬೇಡ. ಆ ತೋಟದ ಲೈನಿನ ಇಬ್ಬರು ಕಣ್ಣು ಕೆಂಪಾಗಿ, ಮೈ ಹಳದಿಯಾಗಿ ಆಸ್ಪತ್ರೆ ಸೇರಿದ್ದರು. ಇಲಿ ಜ್ವರದ ಅನುಮಾನ ಇತ್ತು. ಉಳಿದವರನ್ನು ಅದೇ ದಿನ ನೋಡಬೇಕಿತ್ತು. ಸುರಿಯುವ ಮಳೆಯಲ್ಲಿ ಗೇಟಿನ ಹತ್ತಿರ ಐಸ್ ಬಾಕ್ಸ್ ಹಿಡಿದು ನಿಂತೆ. ಮ್ಯಾನೇಜರ್ ಜೀಪಿನಿಂದ ಇಳಿಯಲಿಲ್ಲ. ಗಾಜು ಅರ್ಧ ಇಳಿಸಿ ಕೇಳಿದರು: "ಸರ್ ಯಾರೂ ಬಂದಿಲ್ವಾ?"

"ಇಲ್ಲ ಸರ್, ನಾನೇ ಬಂದಿದ್ದೇನೆ. ಪತ್ರ ಇದೆ" ಅಂದೆ.

"ಸರ್ ಬಂದಾಗ ಬನ್ನಿ. ಲೇಡೀಸನ್ನ ಒಳಗೆ ಬಿಟ್ಟು ಆನೆ ಗೀನೆ ಬಂದ್ರೆ ನಮ್ಮ ತಲೆಗೆ ಬರುತ್ತೆ."

ಅದೇ ಹೊತ್ತಿಗೆ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡ ಹದಿನೈದಿಪ್ಪತ್ತು ಹೆಂಗಸರು ಅದೇ ಗೇಟಿನಿಂದ ಕೆಲಸಕ್ಕೆ ಒಳಗೆ ಹೋದರು. ಅವರಿಗೆ ಆನೆ ಭಯ ಇರಲಿಲ್ವಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಕೊನೆಗೆ ಮ್ಯಾನೇಜರ್ ಹೇಳಿದ ಮಾತು ಇದು: "ನೋಡಿ ಮೇಡಂ, ನಮ್ಮ ಲೈನಲ್ಲಿ ಯಾರಿಗೂ ಏನೂ ಇಲ್ಲ. ಅವರಿಬ್ಬರು ಕುಡೀತಿದ್ರು, ಲಿವರ್ ಹೋಗಿದೆ." ಜೀಪು ಮುಂದೆ ಹೋಯಿತು.

ಈ "ನಮ್ಮಲ್ಲಿ ಯಾರಿಗೂ ಏನೂ ಇಲ್ಲ" ಅನ್ನುವ ಮಾತು ನೂರು ವರ್ಷಕ್ಕಿಂತ ಹಳೆಯದು. ಇದನ್ನು ನನಗಿಂತ ಎಷ್ಟೋ ಜಾಸ್ತಿ ಕೇಳಿಸಿಕೊಂಡ ಒಬ್ಬ ಹೆಂಗಸಿನ ಬದುಕನ್ನು ನಿಮಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಆಲಿಸ್ ಹ್ಯಾಮಿಲ್ಟನ್. ಹುಟ್ಟಿದ್ದು 1869ರಲ್ಲಿ. 1893ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಮುಂದೆ ಓದಲು ಜರ್ಮನಿಗೆ ಹೋದಾಗ, ಗಂಡಸರ ಕಣ್ಣಿಗೆ ಬೀಳದ ಹಾಗೆ ಕೂತು ಪಾಠ ಕೇಳಬೇಕಾಯಿತು. 1897ರಲ್ಲಿ ಶಿಕಾಗೋಗೆ ಬಂದು ಹೆಣ್ಣುಮಕ್ಕಳ ವೈದ್ಯಕೀಯ ಶಾಲೆಯಲ್ಲಿ ರೋಗಶಾಸ್ತ್ರ ಹೇಳಿಕೊಟ್ಟರು. ಉಳಿದುಕೊಂಡಿದ್ದು ಹಲ್ ಹೌಸ್ ಅನ್ನುವ ಸೇವಾಕೇಂದ್ರದಲ್ಲಿ. ಸುತ್ತಮುತ್ತ ಬೇರೆ ಬೇರೆ ದೇಶಗಳಿಂದ ಕೂಲಿಗೆ ಬಂದವರ ಕೇರಿ. ಅವರ ಭಾಷೆ ಬೇರೆ, ಊಟ ಬೇರೆ. ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ತುಂಬಿದ ನಮ್ಮ ಲೈನುಗಳನ್ನು ನೋಡಿದವರಿಗೆ ಆ ಕೇರಿ ಕಣ್ಣಿಗೆ ಕಟ್ಟುತ್ತದೆ.

1910ರಲ್ಲಿ ಇಲಿನಾಯ್ ರಾಜ್ಯದ ಒಂದು ಆಯೋಗ ಕೆಲಸದಿಂದ ಬರುವ ಕಾಯಿಲೆಗಳ ಸಮೀಕ್ಷೆ ಮಾಡಿತು. ಸೀಸದ ವಿಷದ ತನಿಖೆ ಆಲಿಸ್ ಪಾಲಿಗೆ ಬಂತು. ಮುಂದೆ ಅವರು ಕೇಂದ್ರ ಸರ್ಕಾರದ ಪರವಾಗಿಯೂ ಇದೇ ಕೆಲಸ ಮಾಡಿದರು. ಕೇಂದ್ರದ ಪರವಾಗಿ ಹೋದರೂ ಕಾರ್ಖಾನೆಯ ಒಳಗೆ ಕಾಲಿಡುವ ಅಧಿಕಾರ ಅವರಿಗೆ ಇರಲಿಲ್ಲ. ಮಾಲೀಕರು ಒಪ್ಪಿದರೆ ಒಳಗೆ, ಇಲ್ಲದಿದ್ದರೆ ರಸ್ತೆಯಲ್ಲಿ. ಅವರ ಕೈಯಲ್ಲಿದ್ದದ್ದು ಬಾಯಿಮಾತು ಮತ್ತು ತಾಳ್ಮೆ ಮಾತ್ರ.

ಒಂದು ಪ್ರಸಂಗ ಕೇಳಿ. ಸ್ನಾನದ ತೊಟ್ಟಿಗೆ ಎನಾಮೆಲ್ ಹಾಕುವ ಪೋಲೆಂಡ್ ಮೂಲದ ಕಾರ್ಮಿಕನೊಬ್ಬ ಸೀಸದ ವಿಷವೇರಿ ಹೊಟ್ಟೆನೋವು ಬಂದು, ಮಣಿಕಟ್ಟು ಶಕ್ತಿ ಇಲ್ಲದೆ ಜೋತುಬಿದ್ದು ಆಸ್ಪತ್ರೆಯಲ್ಲಿದ್ದ. ಆಲಿಸ್ ಕಾರ್ಖಾನೆಗೆ ಹೋದರು. ಎನಾಮೆಲ್‌ನಲ್ಲಿ ಸೀಸವೇ ಇಲ್ಲ, ಬೇಕಾದರೆ ನೋಡಿ ಅಂತ ಆಡಳಿತದವರು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ನಿಜಕ್ಕೂ ಅಲ್ಲಿ ಏನೂ ಇರಲಿಲ್ಲ. ಆಲಿಸ್ ಸೀದಾ ಆ ಕಾರ್ಮಿಕನ ಮನೆಗೆ ಹೋದರು. ಎನಾಮೆಲ್ ಹಾಕುವ ಜಾಗವೇ ಬೇರೆ, ನಿಮಗೆ ಅದನ್ನು ತೋರಿಸಿಲ್ಲ ಅಂತ ಆಗ ಗೊತ್ತಾಯಿತು. ಅಲ್ಲಿ ಕೆಂಪಗೆ ಕಾದ ತೊಟ್ಟಿಯ ಮೇಲೆ ಕಾರ್ಮಿಕರು ಸೀಸ ಬೆರೆತ ಪುಡಿ ಉದುರಿಸುತ್ತಿದ್ದರು, ಅದೇ ಧೂಳನ್ನು ಉಸಿರಾಡುತ್ತಿದ್ದರು. ಇದನ್ನು ಓದಿದಾಗ ನನಗೆ ನಗು ಬಂತು. ನಮಗೂ ಸುಣ್ಣ ಬಳಿದ ಮುಂದಿನ ಲೈನನ್ನೇ ತೋರಿಸುತ್ತಾರೆ. ಹಿಂದಿನ ಲೈನು, ಹಳ್ಳದ ಪಕ್ಕದ್ದು, ಯಾವಾಗಲೂ "ಅಲ್ಲಿ ಯಾರೂ ಇಲ್ಲ ಮೇಡಂ". ಒಗೆದ ಬಟ್ಟೆ ಮಾತ್ರ ಅಲ್ಲಿ ಒಣಗುತ್ತಿರುತ್ತದೆ.

ಆದರೆ ಆಲಿಸ್ ಕಥೆಯಲ್ಲಿ ಕೆಟ್ಟ ಮಾಲೀಕರು ಮಾತ್ರ ಇಲ್ಲ. ಸೀಸದ ಒಂದು ದೊಡ್ಡ ಕಂಪನಿಯ ಹಿರಿಯ ಅಧಿಕಾರಿ ತನ್ನ ಕಾರ್ಮಿಕರಿಗೆ ವಿಷ ಏರುತ್ತಿದೆ ಅಂದಾಗ ಮೊದಲು ನಂಬಲೇ ಇಲ್ಲ. ಸುಮ್ನೆ ಆರೋಪ ಮಾಡಬೇಡಿ, ದಾಖಲೆ ತನ್ನಿ ಅಂದರು. ಆಲಿಸ್ ಆಸ್ಪತ್ರೆ ದಾಖಲೆ ಹುಡುಕಿ ಒಬ್ಬೊಬ್ಬ ಕಾರ್ಮಿಕನ ವಿವರ ತಂದಿಟ್ಟರು. ಆ ಅಧಿಕಾರಿ ಮಾತಿಗೆ ತಪ್ಪಲಿಲ್ಲ. ಧೂಳು, ಹೊಗೆ ತಡೆಯುವ ವ್ಯವಸ್ಥೆ ಮಾಡಿಸಿದರು, ಕಾರ್ಮಿಕರನ್ನು ನೋಡಲು ಡಾಕ್ಟರನ್ನು ನೇಮಿಸಿದರು. ಕಾನೂನು ಬರುವ ಮೊದಲೇ. ನಿಮ್ಮಲ್ಲೂ ಅಂಥವರು ಇದ್ದಾರೆ ಅನ್ನುವ ನಂಬಿಕೆಯಿಂದಲೇ ಈ ಪತ್ರ ಬರೆಯುತ್ತಿರುವುದು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಕರೆದು ಕೆಲಸ ಕೊಟ್ಟಿತು. ಅಲ್ಲಿ ಪಾಠ ಮಾಡಿದ ಮೊದಲ ಮಹಿಳೆ ಅವರೇ. ಕೊಟ್ಟಿದ್ದು ಮೂರು ಷರತ್ತಿನ ಜೊತೆ: ಅಧ್ಯಾಪಕರ ಕ್ಲಬ್ಬಿಗೆ ಬರಬಾರದು, ಫುಟ್ಬಾಲ್ ಟಿಕೆಟ್ ಕೇಳಬಾರದು, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯಬಾರದು. 1935ರಲ್ಲಿ ನಿವೃತ್ತಿ ಆಗುವಾಗಲೂ ಅವರು ಸಹಾಯಕ ಪ್ರಾಧ್ಯಾಪಕಿಯಾಗಿಯೇ ಇದ್ದರು. ಒಂದೂ ಬಡ್ತಿ ಇಲ್ಲ. 1925ರಲ್ಲೇ ಪೆಟ್ರೋಲಿಗೆ ಸೀಸ ಬೆರೆಸಬೇಡಿ ಅಂತ ಅವರು ಬಹಿರಂಗವಾಗಿ ವಾದ ಮಾಡಿದ್ದರು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಒಬ್ಬ ಹೆಂಗಸಿನ ಮಾತು ಕೇಳಲು ಲೋಕ ಎಷ್ಟು ಹೊತ್ತು ತೆಗೆದುಕೊಂಡಿತು ನೋಡಿ.

ಅವರ ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ಇಷ್ಟ. 1902ರಲ್ಲಿ ಶಿಕಾಗೋದಲ್ಲಿ ಟೈಫಾಯ್ಡ್ ಹಬ್ಬಿತ್ತು. ತೆರೆದ ಪಾಯಿಖಾನೆಯ ನೊಣಗಳನ್ನು ಹಿಡಿದು ಪರೀಕ್ಷೆ ಮಾಡಿದ ಆಲಿಸ್, ರೋಗ ನೊಣದಿಂದ ಬಂತು ಅಂತ ಬರೆದರು. ಭಾರೀ ಹೆಸರು ಬಂತು, ನಗರದ ಆರೋಗ್ಯ ಇಲಾಖೆಯಲ್ಲಿ ಬದಲಾವಣೆಯೂ ಆಯಿತು. ಆಮೇಲೆ ನಿಜ ಕಾರಣ ಹೊರಬಿತ್ತು. ನೀರು ಸರಬರಾಜಿನ ಪೈಪು ಒಡೆದು ಚರಂಡಿ ನೀರು ಕುಡಿಯುವ ನೀರಿಗೆ ಸೇರಿತ್ತು. ಅದನ್ನು ಅಧಿಕಾರಿಗಳು ಮುಚ್ಚಿಟ್ಟಿದ್ದರು. ತಮ್ಮ ನೊಣದ ವಾದ ಪೂರ್ತಿ ಸರಿಯಿರಲಿಲ್ಲ ಅಂತ ಆಲಿಸ್ ಸ್ವತಃ ಹೇಳಿಕೊಂಡರು. ನಾನು ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ ಇದೆ. ಮಾಹಿತಿ ಮುಚ್ಚಿಟ್ಟರೆ ಎಂಥ ಒಳ್ಳೆಯ ವಿಜ್ಞಾನಿಯೂ ದಾರಿ ತಪ್ಪುತ್ತಾರೆ. ನೀವು ಲೈನಿನ ಬಾವಿ ತೋರಿಸದಿದ್ದರೆ ನಾವೂ ನೊಣದ ಹಿಂದೆಯೇ ಓಡುತ್ತೇವೆ.

ಈಗ ನಮ್ಮ ಊರಿನ ಜ್ವರಗಳಿಗೆ ಬರೋಣ. ಇಲಿ ಜ್ವರದ ರೋಗಾಣು ಇಲಿಯ ಮೂತ್ರದಲ್ಲಿ ಇರುತ್ತದೆ, ದನ, ನಾಯಿ, ಹಂದಿಯ ಮೂತ್ರದಲ್ಲೂ ಇರಬಹುದು. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಕಾಲಿನ ಬಿರುಕು, ಗಾಯ ಅದಕ್ಕೆ ಬಾಗಿಲು. ಮಳೆಯಲ್ಲಿ ಬರಿಗಾಲಲ್ಲಿ ಕಳೆ ತೆಗೆಯುವವರ ಕಾಲು ಹೇಗಿರುತ್ತದೆ ಅಂತ ನೀವು ನೋಡಿದ್ದೀರಲ್ವಾ? ಮೊದಲು ಜ್ವರ, ತಲೆನೋವು, ಮೀನಖಂಡದಲ್ಲಿ ಹಿಂಡುವ ನೋವು, ಕಣ್ಣು ಕೆಂಪು. ಆಗಲೇ ಹಿಡಿದರೆ ಡಾಕ್ಸಿಸೈಕ್ಲಿನ್ ಅನ್ನುವ ಅಗ್ಗದ ಮಾತ್ರೆಯಲ್ಲೇ ಸಾಮಾನ್ಯವಾಗಿ ವಾಸಿಯಾಗುತ್ತದೆ. ತಡವಾದರೆ ಕಿಡ್ನಿ, ಲಿವರ್, ಕೆಲವರಿಗೆ ಶ್ವಾಸಕೋಶ. ಹಳದಿ ಆಗುವವರೆಗೆ ಕಾದು "ಕುಡಿದ ಲಿವರ್" ಅನ್ನುವುದು ಸುಲಭ. ಇನ್ನೊಂದು ವಿಷಯ. ಜ್ವರ ಬಂದ ಮೊದಲ ವಾರದಲ್ಲಿ ಮಾಡುವ ಪರೀಕ್ಷೆ ಬೇರೆ, ಆಮೇಲಿನದು ಬೇರೆ. ಎರಡನೇ ದಿನ ರಕ್ತ ತೆಗೆದು, ರೋಗದ ವಿರುದ್ಧ ಮೈಯಲ್ಲಿ ನಿಧಾನಕ್ಕೆ ಹುಟ್ಟುವ ಪ್ರತಿಕಾಯದ ಪರೀಕ್ಷೆ ಮಾಡಿ "ನೆಗೆಟಿವ್" ಅಂದರೆ ಅದಕ್ಕೆ ಬೆಲೆ ಇಲ್ಲ. ಅದಕ್ಕೇ ನಾವು ಬಂದ ದಿನವೇ ಒಳಗೆ ಬಿಡಿ, ಒಂದು ವಾರ ಬಿಟ್ಟು ಮತ್ತೆ ಬಿಡಿ ಅಂತ ಅಂಗಲಾಚುವುದು. ಸುಮ್ನೆ ಎರಡು ಸಲ ಓಡಾಡುವ ಆಸೆ ನಮಗೂ ಇಲ್ಲ.

ಸ್ಕ್ರಬ್ ಟೈಫಸ್ ಅಂತ ಇನ್ನೊಂದು ಇದೆ. ಕುರುಚಲು, ಹುಲ್ಲಿನಲ್ಲಿ ಇರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಟ್ಟುತ್ತದೆ. ನೋವು ಇರುವುದಿಲ್ಲ, ಆದ್ದರಿಂದ ರೋಗಿಗೇ ಗೊತ್ತಾಗುವುದಿಲ್ಲ. ಅದು ಇರುವ ಜಾಗಗಳು ಕಂಕುಳು, ತೊಡೆಸಂದಿ, ಎದೆಯ ಕೆಳಗೆ, ಸೀರೆ ಕಟ್ಟುವ ಸೊಂಟ. ಪೆನಿಸಿಲಿನ್ ಜಾತಿಯ ಔಷಧ ಇದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಬೇಕು. ಒಂದು ಲೈನಿನಲ್ಲಿ ಜ್ವರದ ಅಕ್ಕ ಒಬ್ಬರನ್ನು ಎಷ್ಟು ಕೇಳಿದರೂ ಮೈಮೇಲೆ ಏನೂ ಗಾಯ ಇಲ್ಲ ಅಂದರು. ಬಾಗಿಲು ಹಾಕಿ, ಗಂಡಸರನ್ನೆಲ್ಲ ಹೊರಗೆ ಕಳಿಸಿ, ಟಾರ್ಚ್ ಹಿಡಿದು ನೋಡಿದೆ. ರವಿಕೆಯ ಒಳಗೆ, ಎದೆಯ ಮಡಿಕೆಯಲ್ಲಿ ಆ ಕಪ್ಪು ಹಕ್ಕಳೆ ಇತ್ತು. ಅವರನ್ನು ಅದಕ್ಕೂ ಮೊದಲು ಎರಡು ಕಡೆ ತೋರಿಸಿದ್ದರು. ಎರಡೂ ಕಡೆ ಗಂಡಸರೇ ನೋಡಿದ್ದು. ಅವರು ಕೇಳಿಲ್ಲ, ಇವರು ಹೇಳಿಲ್ಲ. "ಸರ್ ಬಂದಾಗ ಬನ್ನಿ" ಅನ್ನುವವರಿಗೆ ನನ್ನ ಉತ್ತರ ಈ ಅಕ್ಕ.

ಎರವ, ಜೇನುಕುರುಬ ಸಮುದಾಯಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಿಮ್ಮ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರು ಅವರು. ದಕ್ಷಿಣ ಭಾರತದ ಆದಿವಾಸಿಗಳಲ್ಲಿ ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್, ಇದೆ ಅಂತ 1952ರಲ್ಲೇ ನೀಲಗಿರಿ ಕಡೆಯ ಅಧ್ಯಯನದಿಂದ ಗೊತ್ತಾಗಿತ್ತು. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಶುರು ಮಾಡಿತು. ಆದಿವಾಸಿ ಪ್ರದೇಶಗಳ 7 ಕೋಟಿ ಜನರ ತಪಾಸಣೆ ಅದರ ಗುರಿ ಆಗಿತ್ತು. ಹಾಡಿಗಳಿಗೆ, ಅಂದರೆ ಆದಿವಾಸಿಗಳ ಕೇರಿಗಳಿಗೆ, ತಪಾಸಣೆ ತಂಡ ಹೋಗುತ್ತದೆ. ಆದರೆ ತಂಡ ಹಾಡಿಗೆ ಹೋದ ಹೊತ್ತಿಗೆ ಜನ ಇರುವುದು ನಿಮ್ಮ ತೋಟದಲ್ಲಿ. ಲೈನ್‌ಮನೆಯಲ್ಲೇ ಉಳಿದವರು ಯಾವ ಹಾಡಿಯ ಪಟ್ಟಿಗೂ ಸೇರುವುದಿಲ್ಲ.

ತಿತಿಮತಿ ಕಡೆಯ ಒಂದು ತೋಟದಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಇಪ್ಪತ್ತರ ಆಸುಪಾಸು. ಮಳೆಚಳಿಯಲ್ಲಿ ಮೆಣಸಿನ ಬಳ್ಳಿ ಕಟ್ಟುತ್ತಿದ್ದವನು ಮಧ್ಯಾಹ್ನ ಬಿದ್ದು ಹೊರಳಾಡಿದ್ದ. ರೈಟರ್ ನೀರು ಚಿಮುಕಿಸಿ, "ಬೆಳಗ್ಗೆನೇ ಹಾಕ್ಕೊಂಡು ಬಂದಿದಾನೆ" ಅಂದು ಅರ್ಧ ಹಾಜರಿ ಬರೆದಿದ್ದರು. ನಾನು ಹೋದಾಗ ಅವನು ಗೋಡೆಗೆ ಒರಗಿ ಮೊಣಕಾಲು ಹಿಡಿದು ಕೂತಿದ್ದ. ಕಣ್ಣಿನ ಬಿಳಿ ತುಸು ಹಳದಿ. ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ. ಚಿಕ್ಕಂದಿನಿಂದ ಹೀಗೇ ಆಗುತ್ತದೆ ಅಂತ ಅವನ ಅಜ್ಜಿ ಹೇಳಿದರು. ಬೆರಳು ಚುಚ್ಚಿ ತೆಗೆದ ರಕ್ತ ಕೊನೆಗೆ ಸಿಕಲ್ ಸೆಲ್ ಅಂತಲೇ ಹೇಳಿತು. ಈ ರೋಗದಲ್ಲಿ ಚಳಿ, ನೀರಡಿಕೆ, ಅತಿಯಾದ ದುಡಿಮೆ, ಯಾವುದಾದರೂ ಸೋಂಕು, ಇವೆಲ್ಲ ನೋವನ್ನು ಕೆರಳಿಸುತ್ತವೆ. ಆಕಾರ ಕೆಟ್ಟ ರಕ್ತಕಣ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಮೂಳೆಯೇ ಒಡೆದ ಹಾಗೆ ನೋಯುತ್ತದೆ. ರಕ್ತ ಕಡಿಮೆ ಇದೆ ಅಂತ ಸುಮ್ನೆ ಕಬ್ಬಿಣದ ಮಾತ್ರೆ ಕೊಡುತ್ತಾ ಹೋದರೆ ಇದು ವಾಸಿ ಆಗುವುದಿಲ್ಲ. ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧ ಇದೆ, ಡಾಕ್ಟರ ಉಸ್ತುವಾರಿಯಲ್ಲಿ ತೆಗೆದುಕೊಂಡರೆ ನೋವಿನ ಸರದಿ ಕಡಿಮೆಯಾಗುತ್ತದೆ. ಆ ಹುಡುಗನಿಗೆ ಬೇಕಿದ್ದದ್ದು ಬೆಚ್ಚಗಿನ ಬಟ್ಟೆ, ಕುಡಿಯಲು ಸಾಕಷ್ಟು ನೀರು, ಸ್ವಲ್ಪ ಹಗುರ ಕೆಲಸ. ಸಿಕ್ಕಿದ್ದು ಕುಡುಕ ಅನ್ನುವ ಹೆಸರು.

ಔಷಧಿ ಹೊಡೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ಬೋರ್ಡೋ ಅನ್ನುವ ಶಿಲೀಂಧ್ರನಾಶಕ ಕಲಸುವಾಗ, ಕೀಟನಾಶಕ ಹೊಡೆಯುವಾಗ ಕೈಗವಸು, ಮಾಸ್ಕ್ ಕೊಡಿ. ಖಾಲಿ ಕ್ಯಾನುಗಳನ್ನು ಲೈನಿಗೆ ನೀರು ತುಂಬಲು ಕೊಡಬೇಡಿ. ಇದು ಇನ್ನೂ ನಡೆಯುತ್ತಿದೆ. ನನ್ನ ಕಣ್ಣಾರೆ ನೋಡಿದ್ದೇನೆ.

ಇನ್ನು ನಮ್ಮ ಬದುಕಿನ ಬಗ್ಗೆ ಎರಡು ಮಾತು. ಈ ಕ್ಷೇತ್ರದಲ್ಲಿ ಹಳ್ಳಿಗಳನ್ನು ಸುತ್ತುವವರಲ್ಲಿ ಹೆಂಗಸರೇ ಜಾಸ್ತಿ. ಆಶಾ ಕಾರ್ಯಕರ್ತೆ, ಎಎನ್‌ಎಂ ಅನ್ನುವ ಸಹಾಯಕ ನರ್ಸ್, ಲ್ಯಾಬ್ ಟೆಕ್ನಿಷಿಯನ್, ನನ್ನಂಥ ಪ್ರಾಜೆಕ್ಟ್ ವಿಜ್ಞಾನಿ. ನನ್ನಂಥವರ ಕೆಲಸ ಗುತ್ತಿಗೆಯದು. ಪ್ರಾಜೆಕ್ಟ್ ಮುಗಿದರೆ ಕೆಲಸ ಮುಗಿಯಿತು. ಮನೆಯಲ್ಲಿ "ಇಷ್ಟು ಓದಿ ಲೈನ್‌ಮನೆ ಸುತ್ತುತ್ತೀಯಾ" ಅನ್ನುತ್ತಾರೆ. ಬೆಳಗ್ಗೆ ಹೊರಟರೆ ಸಂಜೆವರೆಗೆ ಮೂತ್ರಕ್ಕೆ ಹೋಗಲು ಜಾಗ ಇರುವುದಿಲ್ಲ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೇವೆ. ಜನರಿಗೆ ಮಾತ್ರ ಚೆನ್ನಾಗಿ ನೀರು ಕುಡಿಯಿರಿ ಅಂತ ಹೇಳಿ ಬರುತ್ತೇವೆ! ಮಡಿಕೇರಿ ಬಸ್ ತಪ್ಪಿದರೆ ಐಸ್ ಕರಗುವ ಮುಂಚೆ ಸ್ಯಾಂಪಲ್ ಮುಟ್ಟಿಸುವುದು ಹೇಗೆ ಅನ್ನುವುದೇ ತಲೆಬಿಸಿ.

ಆದರೆ ನಮ್ಮದು ಹೊಸ ಕಷ್ಟವೇನಲ್ಲ. ಭಾರತದಲ್ಲಿ ಎಚ್‌ಐವಿ ಇದೆ ಅಂತ ಮೊದಲು ತೋರಿಸಿದ್ದು ಇಬ್ಬರು ಹೆಂಗಸರು. ಮದ್ರಾಸ್ ಮೆಡಿಕಲ್ ಕಾಲೇಜಿನ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ. 1985ರ ಕೊನೆಯಲ್ಲಿ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರನ್ನು ಹುಡುಕಿ, ಮಾತಾಡಿಸಿ, ಅವರ ರಕ್ತ ತೆಗೆಯತೊಡಗಿದರು. ಕೈಗೆ ಗ್ಲೌಸ್ ಇರಲಿಲ್ಲ. ಓಡಾಟಕ್ಕೆ ಗಂಡನ ಸ್ಕೂಟರ್. ಸ್ಯಾಂಪಲ್ ಇಡಲು ಸರಿಯಾದ ಜಾಗ ಇಲ್ಲದೆ ಮನೆಯ ಫ್ರಿಜ್ಜಿನಲ್ಲಿ ಇಟ್ಟರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ನಮ್ಮ ದೇಶಕ್ಕೆ ಅಂಥ ರೋಗ ಬರುವುದೇ ಇಲ್ಲ ಅಂತ ಎಷ್ಟೋ ಜನ ನಂಬಿದ್ದ ಕಾಲ ಅದು. 1986ರಲ್ಲಿ ಸ್ಯಾಂಪಲ್‌ಗಳನ್ನು ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿದಾಗ 6 ಪಾಸಿಟಿವ್ ಬಂದವು. ಆ ವರ್ಷದ ಮೇ ತಿಂಗಳಲ್ಲಿ ತಮಿಳುನಾಡಿನ ಆರೋಗ್ಯ ಸಚಿವರು ವಿಧಾನಸಭೆಯಲ್ಲಿ ವಿಷಯ ಹೇಳಿದಾಗಲೂ ಅನುಮಾನ ಪಟ್ಟವರಿದ್ದರು. ದೇಶ ತಯಾರಿ ಮಾಡಿಕೊಳ್ಳಲು ದಾರಿ ಆಗಿದ್ದು ಆ ಫ್ರಿಜ್ಜಿನಿಂದ ಹೊರಟ ಸ್ಯಾಂಪಲ್‌ಗಳೇ.

ನಿಮ್ಮ ಕಡೆಯ ಮಾತೂ ನನಗೆ ಗೊತ್ತು. ಆಳು ಸಿಗುವುದಿಲ್ಲ. ಹಣ್ಣು ಉದುರುವ ಹೊತ್ತಲ್ಲಿ ಒಂದು ಗಂಟೆ ಕೆಲಸ ನಿಂತರೆ ನಷ್ಟ. ಕೆಜಿ ಲೆಕ್ಕದಲ್ಲಿ ಕೊಯ್ಯುವವರಿಗೂ ನಷ್ಟ. ಹೆಸರು ಕೆಟ್ಟರೆ ಮುಂದಿನ ವರ್ಷ ಆ ತೋಟಕ್ಕೆ ಯಾರೂ ಬರುವುದಿಲ್ಲ ಅನ್ನುವ ಭಯ. ಐದಾರು ಎಕರೆಯ ಸಣ್ಣ ಬೆಳೆಗಾರರಿಗೆ ಲೈನ್ ರಿಪೇರಿಗೆ ದುಡ್ಡು ಎಲ್ಲಿಂದ ಬರಬೇಕು? ಇದೆಲ್ಲ ನಿಜವೇ. ಆದರೆ ದೊಡ್ಡ ತೋಟಗಳಿಗೆ ಈ ಮಾತು ಒಪ್ಪುವುದಿಲ್ಲ. ಕಾಫಿಗೆ ಹಿಂದೆಂದೂ ಕಾಣದ ರೇಟ್ ಸಿಕ್ಕಿದ ವರ್ಷದಲ್ಲೂ ಕೆಲವು ಲೈನುಗಳ ಪಾಯಿಖಾನೆಗೆ ಬಾಗಿಲು ಬರಲಿಲ್ಲ. ಕುಡಿಯುವ ನೀರು, ಪಾಯಿಖಾನೆ, ವೈದ್ಯಕೀಯ ಸೌಲಭ್ಯ, ಮನೆ, ಇವನ್ನೆಲ್ಲ ಕೊಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ನಾನೇನೂ ಹೊಸದಾಗಿ ಕೇಳುತ್ತಿಲ್ಲ.

ಹಾಗಾದರೆ ಏನು ಮಾಡಬೇಕು? ಕೊಯ್ಲು ಶುರುವಾಗುವ ಮೊದಲು ಒಂದು ದಿನ, ಕೊಯ್ಲಿನ ನಡುವೆ ಒಂದು ದಿನ, ನೀವೇ ಗೊತ್ತು ಮಾಡಿ ನಮ್ಮನ್ನು ಕರೆಯಿರಿ. ಎಲ್ಲ ಲೈನುಗಳನ್ನೂ ತೋರಿಸಿ, ಹಳ್ಳದ ಪಕ್ಕದ್ದನ್ನೂ. ನೀರಿನ ಮೂಲ ತೋರಿಸಿ. ಆ ಗಂಟೆಯ ಕೂಲಿ ತೋಟದ ಲೆಕ್ಕಕ್ಕೆ ಹಾಕಿ. ನಾವು ಮಾತಾಡುವಾಗ ರೈಟರ್ ಅಥವಾ ಮೇಸ್ತ್ರಿ ಪಕ್ಕದಲ್ಲಿ ನಿಲ್ಲುವುದು ಬೇಡ. ಅವರು ನಿಂತರೆ ಎಲ್ಲರೂ "ಚೆನ್ನಾಗಿದೀವಿ" ಅಂತಲೇ ಹೇಳುತ್ತಾರೆ. ಯಾರಿಗಾದರೂ ಎರಡು ದಿನಕ್ಕಿಂತ ಜಾಸ್ತಿ ಜ್ವರ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡಿ, ಹಳದಿ ಆಗುವವರೆಗೆ ಕಾಯಬೇಡಿ. ಮಳೆಗಾಲದಲ್ಲಿ ಕೆಲಸ ಮಾಡುವವರಿಗೆ ಗಂಬೂಟು ಕೊಡಿಸಿ. ಒಂದು ಜೊತೆಯ ಬೆಲೆ ಆಸ್ಪತ್ರೆ ಬಿಲ್ಲಿನ ಮುಂದೆ ಏನೂ ಅಲ್ಲ. ಆನೆ ಭಯ ಇದ್ದರೆ ಒಬ್ಬ ವಾಚರ್‌ನನ್ನು ಜೊತೆಗೆ ಕಳಿಸಿ, ಗೇಟಿನಿಂದ ವಾಪಸ್ ಕಳಿಸಬೇಡಿ. ಬಂದವಳು ಹೆಂಗಸು ಅಂತ ಸರ್‌ಗೆ ಕಾಯಬೇಡಿ.

ನನ್ನ ಕಡೆಯಿಂದ ಮಾತು ಕೊಡುತ್ತೇನೆ. ನಿಮ್ಮ ತೋಟದ ಹೆಸರು ಪತ್ರಿಕೆಗೆ ಹೋಗುವುದಿಲ್ಲ. ಪರೀಕ್ಷೆಯ ಉತ್ತರ ಮೊದಲು ಕಾರ್ಮಿಕರಿಗೆ, ಅವರ ಭಾಷೆಯಲ್ಲೇ ಹೇಳುತ್ತೇವೆ. ಯಾರಿಗೆ ಯಾವ ಕಾಯಿಲೆ ಅಂತ ನಿಮಗೆ ಹೇಳುವುದಿಲ್ಲ, ಅದು ಅವರ ಸ್ವಂತ ವಿಷಯ. ಆದರೆ ನೀರು ಕೆಟ್ಟಿದೆಯಾ, ಇಲಿ ಕಾಟ ಜಾಸ್ತಿಯಾ, ಯಾವ ಬ್ಲಾಕಿನಲ್ಲಿ ಎಚ್ಚರ ಬೇಕು, ಅದನ್ನೆಲ್ಲ ಅದೇ ದಿನ ನಿಮಗೆ ತಿಳಿಸುತ್ತೇವೆ. ಸುಂಟಿಕೊಪ್ಪ ಕಡೆಯ ಒಂದು ತೋಟದ ಅಮ್ಮ ಹೀಗೇ ನಮ್ಮನ್ನು ಒಳಗೆ ಕರೆದಿದ್ದರು. ಟ್ಯಾಂಕಿನ ಮುಚ್ಚಳ ಒಡೆದು ಒಳಗೆ ಇಲಿ ಸತ್ತು ಬಿದ್ದಿದ್ದು ಆವತ್ತೇ ಸಿಕ್ಕಿತು. ಮಾರನೇ ದಿನ ಟ್ಯಾಂಕ್ ತೊಳೆಸಿ ಹೊಸ ಮುಚ್ಚಳ ಹಾಕಿಸಿದರು. ಅವರ ಮನೆಯ ನೀರೂ ಅದೇ ಟ್ಯಾಂಕಿನಿಂದ ಬರುತ್ತಿತ್ತು.

ಬೆಳೆಗಾರರ ಸಂಘಗಳ ಪದಾಧಿಕಾರಿಗಳಲ್ಲಿ ಕೊನೆಯ ಕೋರಿಕೆ. ಕೊಯ್ಲಿಗೆ ಮುಂಚಿನ ನಿಮ್ಮ ಸಭೆಯಲ್ಲಿ ಕೂಲಿ ದರದ ಚರ್ಚೆ ಇದ್ದೇ ಇರುತ್ತದೆ. ಅದು ಮುಗಿದ ಮೇಲೆ ನನಗೆ 15 ನಿಮಿಷ ಕೊಡಿ. ಪ್ರೊಜೆಕ್ಟರ್ ಬೇಡ, ಹಾರ ಬೇಡ. ಪ್ರತಿ ತೋಟದಿಂದ ಒಬ್ಬರು ಲೈನುಗಳ ಪಟ್ಟಿ, ನೀರಿನ ಮೂಲ, ನಾವು ಬರಬಹುದಾದ ಎರಡು ದಿನಾಂಕ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತಂದರೆ ಸಾಕು. ಗೋಣಿಕೊಪ್ಪ ಆಗಲಿ, ಸೋಮವಾರಪೇಟೆ ಆಗಲಿ, ಎಲ್ಲಿ ಕರೆದರೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸೋಮವಾರಪೇಟೆ ಕಡೆಯ ಒಬ್ಬ ಸಾರ್ವಜನಿಕ ಆರೋಗ್ಯ ವಿಜ್ಞಾನಿ